ಆದಿತ್ಯವಾರದ ಚದುರಂಗ ಪಂದ್ಯವೂ ಆಟಗಾರರ ಮರ್ಯಾದೆಯೂ



ನಾವು ಈ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಚದುರಂಗವೆಂಬುದು ಮನೆಯ ಜಗಲಿಯಲ್ಲಿ ಹಿರಿಯರು ಕೂತು ಆಡುವ ಆಟವಾಗಿತ್ತು. ಹೆಣ್ಣುಮಕ್ಕಳಾದ ನಾವು ಕಾಫಿಯ ಲೋಟಗಳನ್ನು ತಂದಿಟ್ಟು, ಒಂದೆರಡು ನಡೆಗಳನ್ನು ನಿಂತು ನೋಡಿ, ಯಾರಾದರೂ ಕರೆಯುವುದರೊಳಗೆ ಒಳಕ್ಕೆ ಹೋಗುತ್ತಿದ್ದೆವು. ಹಿರಿಯರು ಇಲ್ಲದ ವೇಳೆಯಲ್ಲಿ ಅದೇ ಮಣೆಯನ್ನಿಳಿಸಿ ನಾವು ನಾವೇ ಆಡಿದ್ದೂ ಉಂಟು. ಆಗ ಇಟ್ಟ ಕಾಯನ್ನು ಹಿಂದೆಗೆಯುವುದು, “ಇದೊಂದು ಸಲ ಬಿಡೇ” ಎಂದು ಬೇಡುವುದು, ಸೋಲು ಹತ್ತಿರವಾದರೆ ಮಣೆಯನ್ನೇ ಅಲುಗಿಸಿಬಿಡುವುದು, ಇವೆಲ್ಲವೂ ಆಟದ ಅಂಗಗಳೇ ಆಗಿದ್ದುವು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಈಗ ನಮ್ಮ ಮಕ್ಕಳೂ ಮೊಮ್ಮಕ್ಕಳೂ ಆಡುವ ಚದುರಂಗವು ಬೇರೆ. ಶನಿವಾರ ಆದಿತ್ಯವಾರಗಳಲ್ಲಿ ಅನೇಕ ಪಟ್ಟಣಗಳಲ್ಲಿ ಯಾವುದಾದರೊಂದು ಶಾಲೆಯ ಸಭಾಂಗಣದಲ್ಲಿಯೋ ಕಲ್ಯಾಣಮಂಟಪದಲ್ಲಿಯೋ ಪಂದ್ಯಾವಳಿಗಳು ನಡೆಯುತ್ತವೆ. ಉದ್ದುದ್ದನೆಯ ಮೇಜುಗಳ ಮೇಲೆ ಸಾಲಾಗಿ ಮಣೆಗಳು, ಪ್ರತಿಯೊಂದು ಮಣೆಯ ಪಕ್ಕದಲ್ಲಿ ಎರಡು ಮುಖದ ಗಡಿಯಾರ, ಎದುರುಬದುರಾಗಿ ಆಟಗಾರರು. ಎಂಟು ವರ್ಷದ ಬಾಲಕಿಯು ಅರುವತ್ತು ದಾಟಿದ ನಿವೃತ್ತರೊಬ್ಬರ ಎದುರಿಗೆ ಗಲ್ಲಕ್ಕೆ ಕೈಯೂರಿ ಕೂತಿರುವುದನ್ನು ಅಲ್ಲಿ ನೋಡಬಹುದು. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಇಂಥ ಪಂದ್ಯಗಳಿಗೆ ಹೋಗಲಾರಂಭಿಸಿದ ಮೇಲೆ, ಅವಳ ಜೊತೆಯಲ್ಲಿ ಬಸ್ಸು ಹತ್ತುವ ಕೆಲಸವು ನನ್ನ ಪಾಲಿಗೆ ಬಂತು. ಹೊರಗೆ ಕುರ್ಚಿಗಳಲ್ಲಿ ಕಾದು ಕೂತಿರುವ ತಾಯಂದಿರಲ್ಲಿ ನಮ್ಮ ಶಾಲೆಯ ಹಳೆಯ ಮುಖಗಳೂ ಕಂಡವು. ಒಳಗೆ ಏನು ನಡೆಯುತ್ತದೆ, ಮಗಳು ಅತ್ತುಕೊಂಡು ಹೊರಗೆ ಬಂದರೆ ಯಾರನ್ನು ಕೇಳಬೇಕು, ಕೇಳಬಹುದೋ ಕೂಡದೋ ಎಂಬುದು ನನ್ನಂತೆಯೇ ಅವರಿಗೂ ತಿಳಿದಿರಲಿಲ್ಲ. ಆದಕಾರಣ ನಾನು ಕೇಳಿಯೂ ಓದಿಯೂ ಕೆಲವು ಸಲ ಎಡವಿಯೂ ತಿಳಿದುಕೊಂಡದ್ದನ್ನು ಇಲ್ಲಿ ಬರೆಯಲು ಧೈರ್ಯ ಮಾಡಿದ್ದೇನೆ.

ಮೊದಲು ಪಂದ್ಯಾವಳಿಯ ಕ್ರಮವನ್ನು ಹೇಳಬೇಕು. ಸೋತವರನ್ನು ಆಗಲೇ ಮನೆಗೆ ಕಳುಹಿಸುವ ಏರ್ಪಾಡು ಇಲ್ಲಿಲ್ಲ. ೧೮೯೫ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ ಬಳಕೆಗೆ ಬಂದುದರಿಂದ ಸ್ವಿಸ್ ಪದ್ಧತಿ ಎಂದು ಹೆಸರು ಪಡೆದ ಕ್ರಮವನ್ನು ಬಹುತೇಕ ಎಲ್ಲ ಕಡೆಗಳಲ್ಲಿಯೂ ಅನುಸರಿಸುವರು. ಗೆದ್ದರೆ ೧ ಅಂಕ, ಸಮವಾದರೆ ತಲಾ ಅರ್ಧ ಅಂಕ, ಸೋತರೆ ಸೊನ್ನೆ. ಪ್ರತಿ ಸುತ್ತಿನಲ್ಲಿಯೂ ಆದಷ್ಟು ಮಟ್ಟಿಗೆ ಸಮಾನ ಅಂಕವುಳ್ಳವರನ್ನೇ ಜೊತೆಗೂಡಿಸುವರು. ಒಮ್ಮೆ ಎದುರಾದ ಇಬ್ಬರು ಅದೇ ಪಂದ್ಯಾವಳಿಯಲ್ಲಿ ಮತ್ತೆ ಎದುರಾಗುವುದಿಲ್ಲ. ಒಬ್ಬಳಿಗೆ ಬಿಳಿಯ ಕಾಯಿಗಳೂ ಕರಿಯ ಕಾಯಿಗಳೂ ಸಾಧ್ಯವಾದಷ್ಟು ಸಮನಾಗಿ ಬರುವಂತೆ ನೋಡಿಕೊಳ್ಳುವರು. ನೂರು ಮಂದಿಯಿದ್ದರೂ ಏಳು ಸುತ್ತುಗಳಲ್ಲಿ ಮೇಲಿನ ಸ್ಥಾನಗಳು ಬಹಳಮಟ್ಟಿಗೆ ತಿಳಿದುಬರುತ್ತವೆ, ಮತ್ತು ಯಾರೂ ಅರ್ಧದಲ್ಲಿ ಎದ್ದುಹೋಗಬೇಕಾಗಿಲ್ಲ. “ಒಂದು ಸೋತದ್ದಕ್ಕೆ ನನ್ನ ಮಗಳನ್ನು ಹಿಂದಿನ ಮೇಜಿಗೆ ತಳ್ಳಿದರು” ಎಂದು ಒಬ್ಬ ತಾಯಿಯು ನೊಂದುಕೊಂಡದ್ದನ್ನು ಕೇಳಿದ್ದೇನೆ. ಅದು ತಳ್ಳುವುದಲ್ಲ, ಮೇಜಿನ ಸಂಖ್ಯೆಯು ಅಂಕಗಳನ್ನು ಅನುಸರಿಸಿ ಬರುತ್ತದೆ, ಗೆದ್ದರೆ ಮುಂದಿನ ಸುತ್ತಿನಲ್ಲಿ ಅವಳೇ ಮುಂದಕ್ಕೆ ಬರುವಳು.

ಕೊನೆಗೆ ಇಬ್ಬರ ಅಂಕಗಳು ಸಮನಾದರೆ, ಅವರು ಎದುರಿಸಿದ ಆಟಗಾರರೆಲ್ಲರೂ ಗಳಿಸಿದ ಅಂಕಗಳನ್ನು ಕೂಡಿಸಿ ನೋಡುವುದು ಸಾಮಾನ್ಯವಾದ ಒಂದು ಕ್ರಮ. ಬಲಿಷ್ಠರನ್ನು ಎದುರಿಸಿದವರಿಗೆ ಮೇಲಿನ ಸ್ಥಾನವು ಸಿಕ್ಕುತ್ತದೆ. ಆದುದರಿಂದ ಮೊದಲನೆಯ ಸುತ್ತಿನಲ್ಲಿ ನಿಮ್ಮ ಮಗಳನ್ನು ಸೋಲಿಸಿದ ಹುಡುಗನು ಆಮೇಲೆ ಗೆಲ್ಲುತ್ತಲೇ ಹೋಗಲಿ ಎಂದು ಹಾರೈಸುವುದು ಸೌಜನ್ಯಕ್ಕೂ ಸರಿ, ಸ್ವಾರ್ಥಕ್ಕೂ ಸರಿ!

ಇನ್ನು ಗಡಿಯಾರದ ವಿಚಾರ. ಎರಡು ದಿನಗಳಲ್ಲಿ ಏಳೆಂಟು ಸುತ್ತುಗಳು ಮುಗಿಯಬೇಕಾದುದರಿಂದ ವಾರಾಂತ್ಯದ ಪಂದ್ಯಗಳಲ್ಲಿ ಹೆಚ್ಚಾಗಿ ಶೀಘ್ರಗತಿಯ ಆಟವೇ ನಡೆಯುವುದು; ಅಂದರೆ ಒಬ್ಬೊಬ್ಬರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು, ಅರುವತ್ತು ನಿಮಿಷಕ್ಕಿಂತ ಕಡಿಮೆ ಕಾಲ. ತನ್ನ ನಡೆಯನ್ನು ಮುಗಿಸಿದವಳು ಗಡಿಯಾರದ ಗುಂಡಿಯನ್ನು ಒತ್ತಿದರೆ ಅವಳ ಕಾಲವು ನಿಂತು ಎದುರಾಳಿಯ ಕಾಲವು ಓಡಲಾರಂಭಿಸುತ್ತದೆ. ಯಾವ ಕೈಯಿಂದ ಕಾಯನ್ನು ನಡೆಸಿದಳೋ ಅದೇ ಕೈಯಿಂದ ಗುಂಡಿಯನ್ನು ಒತ್ತಬೇಕು. ಒಂದು ಕೈ ಕುದುರೆಯ ಮೇಲೆಯೂ ಇನ್ನೊಂದು ಕೈ ಗಡಿಯಾರದ ಮೇಲೆಯೂ ಇರಕೂಡದು. ಗಡಿಯಾರವನ್ನು ಗುದ್ದಕೂಡದು. ನಡೆಸುವಾಗ ಬೇರೆ ಕಾಯಿಗಳು ಉರುಳಿದರೆ ಉರುಳಿಸಿದವಳೇ ತನ್ನ ಕಾಲದಲ್ಲಿ ಎತ್ತಿ ನಿಲ್ಲಿಸಬೇಕು. ನಿಯಮಕ್ಕೆ ವಿರುದ್ಧವಾದ ನಡೆಯನ್ನು ಮಾಡಿ ಗುಂಡಿಯನ್ನೊತ್ತಿದರೆ, ಮೊದಲ ಸಲ ಎದುರಾಳಿಗೆ ೨ ನಿಮಿಷಗಳು ಹೆಚ್ಚಾಗಿ ದೊರೆಯುತ್ತವೆ. ಎರಡನೆಯ ಸಲ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ದೀರ್ಘಕಾಲದ ಪಂದ್ಯಗಳಲ್ಲಿ ಇಬ್ಬರೂ ಪ್ರತಿ ನಡೆಯನ್ನೂ ಕಾಗದದಲ್ಲಿ ಬರೆದುಕೊಳ್ಳಬೇಕೆಂಬ ಕಟ್ಟಳೆಯುಂಟು. ಶೀಘ್ರಗತಿಯ ಆಟದಲ್ಲಿ ಅದು ಕಡ್ಡಾಯವಲ್ಲ. ಇದು ಸಣ್ಣ ಸಂಗತಿಯೆಂದು ತೋರಿದರೂ ಇದರ ಫಲವು ದೊಡ್ಡದು. ನಾನು ಕಂಡ ಒಂದು ಸಭಾಂಗಣದಲ್ಲಿ ನೂರಕ್ಕೆ ಹೆಚ್ಚಿನ ಆಟಗಾರರಿಗೆ ತೀರ್ಪುಗಾರರು ನಾಲ್ವರಿದ್ದರು. ಬರೆದ ಕಾಗದವಿಲ್ಲ, ನೋಡುವ ಕಣ್ಣುಗಳು ನಾಲ್ಕು ಜೊತೆ ಮಾತ್ರ. ಐವತ್ತು ಮಣೆಗಳಲ್ಲಿ ಯಾರ ಬೆರಳು ಯಾವ ಕಾಯನ್ನು ಸೋಂಕಿತೆಂಬುದನ್ನು ಬಲ್ಲವರು ಆ ಇಬ್ಬರು ಆಟಗಾರರೇ. ಹೀಗಿರಲಾಗಿ ಪಂದ್ಯವು ಬಹುಮಟ್ಟಿಗೆ ಅವರ ನಡತೆಯ ಮೇಲೆಯೇ ನಿಂತಿರುತ್ತದೆ.

ಚದುರಂಗದ ಮರ್ಯಾದೆಗಳಲ್ಲಿ ಮುಖ್ಯವಾದುದು ಸ್ಪರ್ಶದ ನಿಯಮವು. ೧೯೨೪ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ನಿಯಮಾವಳಿಯಲ್ಲಿ ಇದನ್ನು ವಿಸ್ತಾರವಾಗಿ ಹೇಳಿದೆ. ನಡೆಸುವ ಉದ್ದೇಶದಿಂದ ತನ್ನ ಕಾಯನ್ನು ಮುಟ್ಟಿದರೆ, ಅದಕ್ಕೆ ನ್ಯಾಯವಾದ ನಡೆಯಿರುವ ಪಕ್ಷದಲ್ಲಿ, ಅದನ್ನೇ ನಡೆಸಬೇಕು. ಎದುರಾಳಿಯ ಕಾಯನ್ನು ಮುಟ್ಟಿದರೆ, ಸಾಧ್ಯವಿದ್ದಲ್ಲಿ, ಅದನ್ನು ಹೊಡೆಯಬೇಕು. ಕಾಯನ್ನು ಒಂದು ಮನೆಯಲ್ಲಿಟ್ಟು ಬೆರಳು ಬಿಟ್ಟ ಮೇಲೆ ಅದನ್ನು ಬೇರೆ ಮನೆಗೆ ಒಯ್ಯಲಾಗದು. ರಾಜನಿಗೆ ಕೋಟೆ ಕಟ್ಟುವಾಗ ಮೊದಲು ರಾಜನನ್ನೇ ಹಿಡಿಯಬೇಕು. ಮೊದಲು ಆನೆಯನ್ನು ಮುಟ್ಟಿ ಆಮೇಲೆ ರಾಜನನ್ನು ಹಿಡಿದವಳಿಗೆ ಆ ನಡೆಯಲ್ಲಿ ಆ ಕಡೆಗೆ ಕೋಟೆಯಿಲ್ಲ, ಆನೆಯನ್ನೇ ನಡೆಸಬೇಕಾಗುತ್ತದೆ. ಮನೆಯಲ್ಲಿ ಎರಡು ಕೈಗಳಿಂದಲೂ ಒಂದೇ ಸಲ ಕೋಟೆ ಕಟ್ಟುವ ಅಭ್ಯಾಸವಿರುವ ಮಕ್ಕಳು ಇದರಲ್ಲಿ ಸಿಕ್ಕಿಬೀಳುತ್ತಾರೆ; ಎಲ್ಲ ನಡೆಗಳೂ ಒಂದೇ ಕೈಯಿಂದ ಆಗಬೇಕು.

ಕಾಯಿಯು ಮನೆಯ ಮಧ್ಯದಲ್ಲಿಲ್ಲದೆ ವಾರೆಯಾಗಿ ನಿಂತಿದ್ದರೆ ಸರಿಪಡಿಸಬಾರದೇ? ಸರಿಪಡಿಸಬಹುದು; ಆದರೆ ತನ್ನ ಸರದಿಯಲ್ಲಿ ಮಾತ್ರ, ಮತ್ತು ಮುಟ್ಟುವುದಕ್ಕೆ ಮುಂಚೆಯೇ “ಸರಿಪಡಿಸುತ್ತೇನೆ” ಎಂದು ಹೇಳಿ. ಫ್ರೆಂಚರ “ಜಾದೂಬ್” ಎಂಬ ಮಾತು ಇದಕ್ಕಾಗಿ ಲೋಕದಲ್ಲೆಲ್ಲಾ ಬಳಕೆಯಲ್ಲಿದೆ. ಮುಟ್ಟಿ, ತಪ್ಪು ಕಂಡು, ಆಮೇಲೆ ಆ ಮಾತನ್ನು ಹೇಳುವವರೂ ಇದ್ದಾರೆ. ಅದು ಸಲ್ಲದು.

ಇಲ್ಲಿ ಒಂದು ಮಾತನ್ನು ಬದಿಗಿಟ್ಟು ಹೇಳುತ್ತೇನೆ. ಮನೆಯ ಕಟ್ಟಳೆಗೂ ಪಂದ್ಯದ ಕಟ್ಟಳೆಗೂ ವ್ಯತ್ಯಾಸವಿರುವುದು ಹೊಸತಲ್ಲ. ಚದುರಂಗವು ನಮ್ಮ ದೇಶದಲ್ಲಿಯೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯು ೬೪ ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ಬಂಧಗಳನ್ನು ರಚಿಸಿದ್ದರು. ಆದರೆ ನಮ್ಮವರ ಹಳೆಯ ಆಟದಲ್ಲಿ ಕಾಲಾಳು ಮೊದಲನೆಯ ನಡೆಯಲ್ಲಿಯೂ ಒಂದೇ ಮನೆ ಮುಂದಕ್ಕೆ ಹೋಗುತ್ತಿತ್ತು. ರಾಜನು ಒಂದು ಸಲ ಕುದುರೆಯಂತೆ ಹಾರಬಹುದಾಗಿತ್ತು. ನನ್ನ ಅಜ್ಜನವರು ಹಾಗೆಯೇ ಆಡುತ್ತಿದ್ದರೆಂದು ನೆನಪು. ಪಂಜಾಬಿನ ಮೀರ್ ಸುಲ್ತಾನ್ ಖಾನರು ಆ ಹಳೆಯ ಕ್ರಮದಲ್ಲಿ ಆಟವನ್ನು ಕಲಿತು, ದೊಡ್ಡವರಾದ ಮೇಲೆ ಪಾಶ್ಚಾತ್ಯ ನಿಯಮಗಳನ್ನು ಅಭ್ಯಾಸ ಮಾಡಿ, ೧೯೨೯, ೧೯೩೨, ೧೯೩೩ ಹೀಗೆ ಮೂರು ಸಲ ಬ್ರಿಟಿಷ್ ಚಾಂಪಿಯನ್ನರಾದರು. ಅವರ ಒಡೆಯರಾದ ಸರ್ ಉಮರ್ ಹಯಾತ್ ಖಾನರ ಮನೆಯಲ್ಲಿಯೇ ಸೇವಕಳಾಗಿದ್ದ ಫಾತಿಮಾ ಎಂಬ ತರುಣಿಯು ೧೯೩೩ರಲ್ಲಿ ಬ್ರಿಟಿಷ್ ಮಹಿಳೆಯರ ಚಾಂಪಿಯನ್ ಪದವಿಯನ್ನು ಗೆದ್ದಳು. ಅರಮನೆಯಂಥ ಮನೆಯಲ್ಲಿ ಊಳಿಗದ ಹುಡುಗಿಯೊಬ್ಬಳು ಈ ಆಟವನ್ನು ಕಲಿತು ಇಂಗ್ಲೆಂಡಿನ ಹೆಂಗಸರನ್ನೆಲ್ಲಾ ಸೋಲಿಸಿದ ಸಂಗತಿಯನ್ನು ನಮ್ಮ ಹುಡುಗಿಯರಿಗೆ ಯಾಕೆ ಯಾರೂ ಹೇಳುವುದಿಲ್ಲವೋ ನಾನರಿಯೆ.

ಮರಳಿ ನನ್ನ ತಂಗಿಯ ಮಗಳ ವಿಚಾರಕ್ಕೆ ಬರುತ್ತೇನೆ. ಕಳೆದ ಮಳೆಗಾಲದ ಒಂದು ಪಂದ್ಯಾವಳಿಯಲ್ಲಿ ಏಳು ಸುತ್ತುಗಳಿದ್ದುವು. ಶನಿವಾರ ನಾಲ್ಕು, ಆದಿತ್ಯವಾರ ಮೂರು. ಮೊದಲ ಎರಡನ್ನು ಅವಳು ಗೆದ್ದಳು. ಮೂರನೆಯದರಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗನು ಎದುರಾಳಿ. ಅದನ್ನು ಸೋತು ಬಂದಳು. ಸೋತು ಬಂದಾಗ ಅವಳು ಸಾಮಾನ್ಯವಾಗಿ ನೀರು ಕುಡಿದು ಓಡಾಡುವಳು. ಆ ದಿನ ಸುಮ್ಮನೆ ಪಕ್ಕದಲ್ಲಿ ಕೂತಳು.

“ದೊಡ್ಡಮ್ಮ, ಆ ಅಣ್ಣ ಆನೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ಒಂಟೆ ನಡೆಸಿದರು.”

“ನೀನು ಹೇಳಲಿಲ್ಲವೇನೇ?”

“ದೊಡ್ಡವರಲ್ಲವಾ? ಹೇಳಿದರೆ ಚೆನ್ನಾಗಿರುವುದಿಲ್ಲ ಅಂತ ಸುಮ್ಮನಿದ್ದೆ.”

ನಾಲ್ಕನೆಯ ಸುತ್ತನ್ನೂ ಅವಳು ಸೋತಳು. ಅದರ ಕಥೆಯು ಇನ್ನೊಂದು ಬಗೆಯದು. ಎದುರಿನವರು ಚೀಲದಲ್ಲಿ ನೀರಿನ ಸೀಸೆಯನ್ನು ಹುಡುಕುತ್ತಿದ್ದಾಗ ಇವಳು ಒಂದು ಕಾಲಾಳನ್ನು ಮುಟ್ಟಿದಳು. ಮುಟ್ಟಿದೊಡನೆ ಅದನ್ನು ನಡೆಸಿದರೆ ಕುದುರೆಯು ಹೋಗುವುದೆಂದು ಕಂಡಿತು. ಅವರು ನೋಡಿರಲಿಲ್ಲ. ಆದರೂ ಅದನ್ನೇ ನಡೆಸಿದಳು, ಕುದುರೆಯೂ ಹೋಯಿತು, ಆಟವೂ ಹೋಯಿತು. “ಮುಟ್ಟಿದ್ದೆನಲ್ಲ” ಎಂದಳು, ಅಷ್ಟೇ.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ತನ್ನ ತಪ್ಪಿಗೆ ತಾನೇ ಬೆಲೆ ತೆರುವುದನ್ನು ಈ ಹುಡುಗಿಗೆ ನಾವು ಚೆನ್ನಾಗಿ ಕಲಿಸಿದ್ದೇವೆ. ಮತ್ತೊಬ್ಬರ ತಪ್ಪನ್ನು ಮರ್ಯಾದೆಯಿಂದಲೇ ಬಾಯಿಬಿಟ್ಟು ಹೇಳುವುದನ್ನು ಕಲಿಸಿದವರು ಯಾರು? ಹೇಳಿದರೆ ಚೆನ್ನಾಗಿರುವುದಿಲ್ಲ ಎಂಬ ಮಾತನ್ನು ಅವಳು ಎಲ್ಲಿಂದ ಕಲಿತಳೆಂದು ನಾನು ಬಹಳ ಹುಡುಕಬೇಕಾಗಲಿಲ್ಲ. ಅವಳ ಅಜ್ಜಿಯಿಂದ ನಾನು ಕಲಿತೆನು, ನನ್ನಿಂದಲೂ ನನ್ನ ತಂಗಿಯಿಂದಲೂ ಅವಳು ಕಲಿತಳು.

ಇದು ಹಳ್ಳಿಪಟ್ಟಣಗಳ ಹುಡುಗಿಯರಿಗೆ ಮಾತ್ರ ಬರುವ ಕಷ್ಟವೆಂದು ತಿಳಿಯಬಾರದು. ೧೯೯೪ರಲ್ಲಿ ಸ್ಪೇನ್ ದೇಶದ ಲಿನಾರೆಸ್ ಎಂಬಲ್ಲಿ ನಡೆದ ಮಹಾಪಂದ್ಯದಲ್ಲಿ ಹಂಗೆರಿಯ ಯೂದಿತ್ ಪೋಲ್ಗಾರ್ ಎಂಬ ೧೭ ವರ್ಷದ ಹುಡುಗಿಯು ಆ ಕಾಲದ ಅತಿ ಬಲಿಷ್ಠ ಆಟಗಾರರಾದ ಗ್ಯಾರಿ ಕಾಸ್ಪರೋವರನ್ನು ಎದುರಿಸಿದಳು. ಒಂದು ನಡೆಯಲ್ಲಿ ಕಾಸ್ಪರೋವರು ತಮ್ಮ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಅದು ತಪ್ಪೆಂದು ಕಂಡು, ಬೇರೊಂದು ಮನೆಗೆ ಒಯ್ದರು. ಬೆರಳುಗಳು ಕಾಯನ್ನು ಬಿಟ್ಟಿದ್ದುವೋ ಇಲ್ಲವೋ? ಅಲ್ಲಿದ್ದ ಚಿತ್ರಗ್ರಹಣ ಯಂತ್ರದಲ್ಲಿ ಆಮೇಲೆ ನೋಡಿದಾಗ, ಸುಮಾರು ಕಾಲು ಸೆಕೆಂಡಿನಷ್ಟು ಹೊತ್ತು ಬಿಟ್ಟಿದ್ದುವೆಂದು ಕಂಡುಬಂತು. ಯೂದಿತಳು ಆ ಕ್ಷಣದಲ್ಲಿ ತೀರ್ಪುಗಾರರನ್ನು ಕರೆಯಲಿಲ್ಲ. ಅಂಥ ದೊಡ್ಡ ಪಂದ್ಯಕ್ಕೆ ತನಗೆ ದೊರೆತ ಮೊದಲನೆಯ ಆಹ್ವಾನದಲ್ಲಿಯೇ, ಜಗತ್ಪ್ರಸಿದ್ಧರೊಡನೆ ಮನಸ್ತಾಪವನ್ನು ಉಂಟುಮಾಡಲು ಇಷ್ಟವಿರಲಿಲ್ಲವೆಂದು ಆಮೇಲೆ ಹೇಳಿದಳು. ಆಟವನ್ನು ಸೋತಳು. ಎಂಟು ವರ್ಷಗಳ ತರುವಾಯ, ೨೦೦೨ರಲ್ಲಿ, ಮಾಸ್ಕೋವಿನಲ್ಲಿ ನಡೆದ ಶೀಘ್ರಗತಿಯ ಆಟವೊಂದರಲ್ಲಿ ಅವರನ್ನೇ ಸೋಲಿಸಿದಳೆಂಬುದು ನಿಜ. ಆದರೆ ಎಲ್ಲ ಹುಡುಗಿಯರಿಗೂ ಎಂಟು ವರ್ಷಗಳ ಮೇಲೆ ಇನ್ನೊಂದು ಸಂದರ್ಭವು ಬರುವುದಿಲ್ಲ.

ಈ ವಿಷಯದಲ್ಲಿ ನಿಯಮವೇ ನಮಗೆ ಸ್ಪಷ್ಟವಾಗಿ ದಾರಿ ತೋರಿಸುತ್ತದೆ. ಎದುರಾಳಿಯು ಸ್ಪರ್ಶದ ನಿಯಮವನ್ನು ಮೀರಿದನೆಂದು ದೂರು ಹೇಳುವ ಹಕ್ಕು, ನಾವು ನಮ್ಮ ಉತ್ತರದ ನಡೆಗಾಗಿ ಕಾಯನ್ನು ಮುಟ್ಟುವ ತನಕ ಮಾತ್ರ ಉಂಟು. ಮುಟ್ಟಿದೆವೋ, ಆ ಹಕ್ಕು ಹೋಯಿತು. ಆಟ ಮುಗಿದ ಮೇಲೆ ಹೊರಗೆ ಬಂದು ಅಳುವುದರಿಂದಾಗಲಿ, ತಾಯಿಯು ಒಳಕ್ಕೆ ನುಗ್ಗಿ ಕೂಗುವುದರಿಂದಾಗಲಿ ಏನೂ ಆಗದು. ಹೇಳುವುದಾದರೆ ಆಗಲೇ ಹೇಳಬೇಕು, ಆಡುವವಳೇ ಹೇಳಬೇಕು.

ಹೇಗೆ ಹೇಳಬೇಕೆಂಬುದನ್ನು ಆ ಪಂದ್ಯಾವಳಿಯ ತೀರ್ಪುಗಾರರೊಬ್ಬರು ಶನಿವಾರ ಸಂಜೆ ಕುರ್ಚಿಗಳನ್ನು ಜೋಡಿಸುತ್ತಾ ನನಗೆ ತಿಳಿಸಿದರು. ಗಡಿಯಾರವನ್ನು ನಿಲ್ಲಿಸುವುದು. ಕೈಯೆತ್ತಿ ತೀರ್ಪುಗಾರರನ್ನು ಕರೆಯುವುದು. ಅವರು ಬಂದ ಮೇಲೆ ತಗ್ಗಿದ ದನಿಯಲ್ಲಿ, ಕಂಡದ್ದನ್ನು ಮಾತ್ರ ಹೇಳುವುದು: “ಇವರು ಆನೆಯನ್ನು ಮುಟ್ಟಿದರು, ಈಗ ಒಂಟೆಯನ್ನು ನಡೆಸಿದ್ದಾರೆ.” ಮೋಸವೆಂಬ ಶಬ್ದವನ್ನು ಎತ್ತಕೂಡದು, ಎದುರಾಳಿಯೊಡನೆ ವಾದಿಸಕೂಡದು. ತೀರ್ಪುಗಾರರು ಅವರನ್ನು ಕೇಳುವರು, ಒಪ್ಪಿದರೆ ಸರಿ. ಒಪ್ಪದಿದ್ದರೆ, ಕಂಡವರು ಯಾರೂ ಇಲ್ಲದಿದ್ದರೆ, ಸಾಮಾನ್ಯವಾಗಿ ಆಟವು ಇದ್ದಂತೆಯೇ ಮುಂದುವರಿಯುತ್ತದೆ. “ಹಾಗಾದರೆ ಹೇಳಿ ಏನು ಪ್ರಯೋಜನ?” ಎಂದು ಕೇಳಿದೆನು. “ಮತ್ತೆ ಆ ಮಣೆಯ ಹತ್ತಿರ ನಾನು ಎರಡು ಸಲ ಹೆಚ್ಚು ಸುಳಿಯುತ್ತೇನಲ್ಲಮ್ಮಾ” ಎಂದರು.

ಹುಡುಗಿಯರು ಹುಡುಗರೊಡನೆಯೂ ಹಿರಿಯರೊಡನೆಯೂ ಒಂದೇ ಸಾಲಿನಲ್ಲಿ ಕೂತು ಆಡುವುದು ಕೂಡ ತಾನಾಗಿ ಬಂದುದಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಮುಂಬಯಿಯ ಖಾಡಿಲ್ಕರ್ ಸಹೋದರಿಯರಲ್ಲಿ ಕಿರಿಯವಳಾದ ರೋಹಿಣಿಯು ೧೯೭೬ರಲ್ಲಿ, ತನ್ನ ೧೩ನೆಯ ವಯಸ್ಸಿನಲ್ಲಿ, ಪುರುಷರ ರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಪ್ರಥಮ ಸ್ತ್ರೀಯಾದಳು. ಅದಕ್ಕೆ ಬಲವಾದ ಆಕ್ಷೇಪವೆದ್ದು, ವಿಷಯವು ಉಚ್ಚ ನ್ಯಾಯಾಲಯದ ವರೆಗೂ ಹೋಯಿತು. ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ಅವರು, ಸ್ತ್ರೀಯರನ್ನು ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ಪಂದ್ಯಗಳಿಂದ ಹೊರಗಿಡಲಾಗದೆಂದು ತೀರ್ಮಾನವಿತ್ತರು. ೨೦೦೨ರಲ್ಲಿ ಕೊನೇರು ಹಂಪಿಯವರು ಭಾರತದ ಸ್ತ್ರೀಯರಲ್ಲಿ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ೨೦೨೪ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ನಮ್ಮ ಸ್ತ್ರೀಯರ ತಂಡವು ಚಿನ್ನದ ಪದಕವನ್ನು ತಂದಿತು. ೧೯೭೬ರಲ್ಲಿ ಆ ಮನೆಯವರು “ಹೇಳಿದರೆ ಚೆನ್ನಾಗಿರುವುದಿಲ್ಲ” ಎಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ!

ಇನ್ನು ನಮ್ಮ, ಅಂದರೆ ಹೊರಗೆ ಕೂತವರ ಮರ್ಯಾದೆಯ ಮಾತು. ಇದರಲ್ಲಿ ನಾನೇ ಅಪರಾಧಿ. ಮೊದಮೊದಲಿನ ಒಂದು ಪಂದ್ಯದಲ್ಲಿ ಮಣೆಗಳಿಂದ ಸ್ವಲ್ಪ ದೂರ ನಿಂತು ನೋಡಲು ಬಿಟ್ಟಿದ್ದರು. ಇವಳು ಮಂತ್ರಿಯ ಕಡೆಗೆ ಕೈ ಚಾಚಿದಳು. ನನಗರಿವಿಲ್ಲದೆಯೇ ನನ್ನ ತಲೆಯು ಬೇಡವೆಂದು ಅಲ್ಲಾಡಿತು. ಅವಳು ನೋಡಿದಳೋ ಇಲ್ಲವೋ, ತೀರ್ಪುಗಾರರು ನೋಡಿದರು. ನನ್ನನ್ನು ಮೆಲ್ಲನೆ ಕರೆದು ಬಾಗಿಲಿನಿಂದಾಚೆಗೆ ಬಿಟ್ಟರು. ನನಗೆ ನಾಚಿಕೆಯಾಯಿತು, ನನಗಿಂತ ಹೆಚ್ಚಾಗಿ ಅವಳಿಗಾಯಿತು. ನೋಡುವವರು ಆಟದಲ್ಲಿ ಯಾವ ರೀತಿಯಿಂದಲೂ ತಲೆಹಾಕಕೂಡದು. ತಪ್ಪು ನಡೆದುದನ್ನು ಕಂಡರೆ ತೀರ್ಪುಗಾರರಿಗೆ ಮಾತ್ರ ತಿಳಿಸಬಹುದು, ಆಟಗಾರರಿಗೆ ಹೇಳಕೂಡದು. ತನ್ನ ಆಟವನ್ನು ಮುಗಿಸಿದ ಆಟಗಾರ್ತಿಯೂ ಆ ಕ್ಷಣದಿಂದ ನೋಡುವವಳೇ. ಗೆಳತಿಯ ಬೆನ್ನ ಹಿಂದೆ ನಿಂತು ನಿಟ್ಟುಸಿರು ಬಿಡುವುದೂ ನಗುವುದೂ ಸೂಚನೆಯೆಂದೇ ಎಣಿಸಲ್ಪಡುವುದು. ಮುಗಿದ ಆಟದ ಚರ್ಚೆಯನ್ನು ಹೊರಗೆ ಬಂದು ಮಾಡಬೇಕು.

ಮೊಬೈಲು ಫೋನಿನ ವಿಷಯದಲ್ಲಿ ಕಟ್ಟಳೆಯು ಬಹಳ ಬಿಗಿ. ಅನುಮತಿಯಿಲ್ಲದೆ ಆಟದ ಸ್ಥಳದಲ್ಲಿ ಆಟಗಾರರ ಬಳಿ ಅದು ಇದೆಯೆಂದು ತಿಳಿದರೆ ಆಟವನ್ನೇ ಕಳೆದುಕೊಳ್ಳಬೇಕಾಗಬಹುದು. ಮಗಳ ಲಂಗದ ಜೇಬನ್ನು ಮನೆಯಲ್ಲಿಯೇ ಒಮ್ಮೆ ತಡವಿ ನೋಡಿ ಕಳುಹಿಸಿರಿ. ತಾಯ್ತಂದೆಗಳೇ ಒಳಗೆ ನಿಂತು ಫೋನಿನಲ್ಲಿ ಮಾತನಾಡುವುದನ್ನು ಕಂಡಿದ್ದೇನೆ, ಅದೂ ನಿಷಿದ್ಧವೇ.

ಸಮ ಮಾಡಿಕೊಳ್ಳೋಣವೆಂದು ಕೇಳುವುದಕ್ಕೂ ಕ್ರಮವುಂಟು. ತನ್ನ ನಡೆಯನ್ನು ನಡೆಸಿ, ಗುಂಡಿಯನ್ನು ಒತ್ತುವುದಕ್ಕೆ ಮುಂಚೆ ಕೇಳಬೇಕು. ಒಂದು ಸಲ ಕೇಳಿ ಸುಮ್ಮನಾಗಬೇಕು. ಎರಡು ನಡೆಗಳಿಗೊಮ್ಮೆ “ಡ್ರಾ? ಡ್ರಾ?” ಎಂದು ಕಾಡುವುದು ಎದುರಾಳಿಯ ಗಮನವನ್ನು ಕೆಡಿಸುವುದೆಂದು ಎಣಿಸಲ್ಪಟ್ಟು ದಂಡನೆಗೆ ಗುರಿಯಾಗಬಹುದು. ಚಿಕ್ಕ ಹುಡುಗಿಯರನ್ನು ಹೀಗೆ ಹೆದರಿಸಿ ಸಮ ಮಾಡಿಸಿಕೊಳ್ಳುವ ಹಿರಿಯರಿದ್ದಾರೆಂದು ಹೇಳಲು ನನಗೆ ಸಂಕೋಚವಾಗುತ್ತದೆ. ಬೇಡವೆನ್ನಲು ಕಾರಣವನ್ನು ಕೊಡಬೇಕಾಗಿಲ್ಲ. ಮುಂದಿನ ನಡೆಯನ್ನು ನಡೆಸಿದರೆ ಬೇಡವೆಂದು ಹೇಳಿದಂತೆಯೇ. ಸೋಲನ್ನು ಒಪ್ಪಿಕೊಳ್ಳುವವಳು ಗಡಿಯಾರವನ್ನು ನಿಲ್ಲಿಸಿ ಕೈ ಚಾಚಿದರೆ ಸಾಕು. ಆಟದ ಮೊದಲಲ್ಲಿಯೂ ಕೊನೆಯಲ್ಲಿಯೂ ಕೈಕುಲುಕುವುದು ವಾಡಿಕೆ. ಫಲಿತಾಂಶದ ಚೀಟಿಗೆ ರುಜು ಹಾಕುವಾಗ ಮಾತ್ರ ಕಣ್ಣಿಟ್ಟು ಓದಬೇಕು. ಗೆದ್ದ ಹುಡುಗಿಯು ಸಂತೋಷದಲ್ಲಿ ನೋಡದೆ ರುಜು ಹಾಕಿ, ಸೋತಳೆಂದು ಬರೆದಿದ್ದ ಚೀಟಿಯು ಮೇಜಿಗೆ ಹೋದ ಉದಾಹರಣೆಯನ್ನು ನಾನು ಕಂಡಿದ್ದೇನೆ. ರುಜುವಾದ ಮೇಲೆ ಅದನ್ನು ಬದಲಾಯಿಸುವುದು ಸುಲಭವಲ್ಲ.

ಆದಿತ್ಯವಾರದ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ನಾನು ಇವಳಿಗೆ ತೀರ್ಪುಗಾರರು ಹೇಳಿದ ಕ್ರಮವನ್ನು ಹೇಳಿಕೊಟ್ಟೆನು. ಇಬ್ಬರೂ ಒಂದೆರಡು ಸಲ ಆಡಿಯೂ ನೋಡಿದೆವು. ಟಿಕೇಟು ಕೊಡಲು ಬಂದ ನಿರ್ವಾಹಕನು, ಇವಳು ಏಕೆ ಕೈಯೆತ್ತಿದಳೆಂದು ನಮ್ಮನ್ನೇ ನೋಡಿದನು. ಐದನೆಯ ಸುತ್ತನ್ನು ಗೆದ್ದಳು. ಆರನೆಯದರಲ್ಲಿ ನಿವೃತ್ತ ಗೃಹಸ್ಥರೊಬ್ಬರು ಎದುರಾಳಿ. ನಾನು ಹೊರಗಿದ್ದು ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆನು. ಅರ್ಧ ಗಂಟೆಯ ಮೇಲೆ ಸಾಲಿನ ಮಧ್ಯದಲ್ಲಿ ಒಂದು ಸಣ್ಣ ಕೈ ಮೇಲಕ್ಕೆದ್ದಿತು. ತೀರ್ಪುಗಾರರು ಹೋಗಿ ಬಗ್ಗಿ ಕೇಳಿದರು. ಗೃಹಸ್ಥರು ಇಲ್ಲವೆಂದು ತಲೆಯಾಡಿಸಿದರು. ಅಕ್ಕಪಕ್ಕದವರನ್ನು ಕೇಳಿದರು, ಅವರೂ ಕಂಡಿರಲಿಲ್ಲ. ಗಡಿಯಾರವು ಮತ್ತೆ ನಡೆಯಿತು.

ಆ ಆಟವು ಸಮವಾಯಿತು. ಇವಳು ಎದ್ದು ನಿಂತು ಅವರ ಕೈ ಕುಲುಕಿ, ಕಾಯಿಗಳನ್ನು ಅವುಗಳ ಮನೆಗಳಲ್ಲಿ ಜೋಡಿಸಿಟ್ಟು ಹೊರಗೆ ಬಂದಳು. ಕೈಗಳು ತಣ್ಣಗಿದ್ದುವು.

“ಮಂತ್ರಿಯನ್ನು ಮುಟ್ಟಿದ್ದರು, ದೊಡ್ಡಮ್ಮ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲವೋ, ಅಥವಾ ಸುಳ್ಳು ಹೇಳಿದರೋ?”

“ನನಗೆ ಹೇಗಮ್ಮಾ ಗೊತ್ತಾಗಬೇ‌ಕು?”

“ನನಗೂ ಗೊತ್ತಾಗಲಿಲ್ಲ” ಎಂದು ಸ್ವಲ್ಪ ಹೊತ್ತು ಯೋಚಿಸಿ, ಚಿತ್ರಾನ್ನದ ಡಬ್ಬಿಯನ್ನು ತೆರೆಯಲು ಹೇಳಿದಳು. ಏಳನೆಯ ಸುತ್ತನ್ನು ಸೋತಳು. ಒಟ್ಟು ಮೂರೂವರೆ ಅಂಕಗಳು, ಬಹುಮಾನವಿಲ್ಲ. ಬಹುಮಾನ ವಿತರಣೆಗೆ ನಿಲ್ಲೋಣವೇ ಎಂದು ಕೇಳಿದೆನು. ನಿಲ್ಲೋಣವೆಂದಳು, ಮೂರನೆಯ ಸುತ್ತಿನ ಆ ಹುಡುಗನ ಹೆಸರನ್ನು ಕರೆದಾಗ ಎಲ್ಲರೊಡನೆ ತಾನೂ ಚಪ್ಪಾಳೆ ತಟ್ಟಿದಳು. ಕೊನೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷಗಳಿದ್ದುವು.